ಚೀಟಿ ಎತ್ತಿ ಮನೆ ಹಂಚಿದ್ರು, ಮಾತು ಚೆದುರಿಹೋಯ್ತು: ಒಂದು ಮುಳುಗಡೆ ಕಾಲೋನಿಯ ಪ್ರಕರಣ

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಸಮುದಾಯದ ಹೆಸರಿಲ್ಲ, ಭಾಷೆ ಹೆಸರಿಲ್ಲ, ಹೊಳೆ ಹೆಸರೂ ಇಲ್ಲ. ಕೆಲವೇ ನೂರು ಜನ ಆಡೋ ಭಾಷೆ ಅದು, ಹೆಸರು ಹಾಕಿದ್ರೆ ನಾನು ಹೇಳ್ತಿರೋ ಅಜ್ಜಿ ಯಾರು, ಆ ತಾಯಿ ಯಾರು ಅಂತ ಅಲ್ಲಿಯವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಮನೆಗಳ ಸಂಖ್ಯೆ, ಸಾಲಿನ ನಂಬರು, ವಯಸ್ಸು ಇವನ್ನೂ ಸ್ವಲ್ಪ ಬದಲಾಯಿಸಿದ್ದೀನಿ. ಆದ್ರೆ ಏನು ನಡೀತು, ಯಾವ ಕ್ರಮದಲ್ಲಿ ನಡೀತು, ನಾವು ಎಲ್ಲಿ ಎಡವಿದ್ವಿ ಅನ್ನೋದರಲ್ಲಿ ಏನೂ ಬದಲಾಯಿಸಿಲ್ಲ.

ಹಿನ್ನೆಲೆ

ಕಡಿದಾದ ಒಂದು ಹೊಳೆ ಕಣಿವೆ, ಅದರ ಎರಡೂ ದಡದಲ್ಲಿ ನಾಲ್ಕು ಸಣ್ಣ ಹಟ್ಟಿ. ಪ್ರತಿ ಹಟ್ಟಿಯಲ್ಲೂ ಮನೆಗಳೆಲ್ಲ ಒಂದೇ ಅಂಗಳಕ್ಕೆ ಮುಖ ಮಾಡಿಕೊಂಡಿರ್ತಿದ್ವು, ಸಂಜೆ ಆದ್ಮೇಲೆ ಯಾರ ಮನೆ ಮಾತು ಯಾರ ಕಿವಿಗೆ ಬೀಳುತ್ತೆ ಅನ್ನೋ ಲೆಕ್ಕವೇ ಇರ್ಲಿಲ್ಲ, ಎಲ್ಲರಿಗೂ ಎಲ್ಲಾ ಕೇಳಿಸ್ತಿತ್ತು. ಭಾಷೆಗೆ ಲಿಪಿ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ. ಹಾಗಿದ್ರೂ ಹುಟ್ಟಿದ ಮಗು ಮೊದಲು ಕಲೀತಿದ್ದಿದ್ದು ಅದನ್ನೇ, ಸುತ್ತಲಿನ ದೊಡ್ಡ ಭಾಷೆಯನ್ನ ಆರೇಳು ವರ್ಷ ಆದ್ಮೇಲೆ ಶಾಲೆಯಲ್ಲೋ ಸಂತೆಯಲ್ಲೋ ಕಲೀತಿದ್ರು.

ಆಮೇಲೆ ಅಣೆಕಟ್ಟು ಬಂತು. ಹತ್ತಾರು ವರ್ಷ ಬರೀ ಸುದ್ದಿಯಾಗಿ ಇದ್ದಿದ್ದು ಒಂದು ಬೇಸಿಗೆಯಲ್ಲಿ ನಿಜ ಆಗಿಬಿಡ್ತು, ಲಾರಿ ಬಂದ್ವು, ಮೂರು ವಾರದಲ್ಲಿ ನಾಲ್ಕೂ ಹಟ್ಟಿ ಖಾಲಿ. ನೋಟಿಸು ಬಂದಿದ್ದು, ಸಭೆ ನಡೆದಿದ್ದು, ಸಹಿ ಹಾಕಿಸಿಕೊಂಡಿದ್ದು ಎಲ್ಲಾ ದೊಡ್ಡ ಭಾಷೆಯಲ್ಲೇ. ಆ ಸಭೆಯಲ್ಲಿ ಕೂತಿದ್ದ ಹಿರಿಯರಲ್ಲಿ ಎಷ್ಟೋ ಜನಕ್ಕೆ ತಾವು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದ್ವಿ ಅಂತ ಗೊತ್ತಾಗಿದ್ದು ಲಾರಿ ಬಂದಾಗಲೇ. 2007ರ ವಿಶ್ವಸಂಸ್ಥೆಯ ಆದಿವಾಸಿ ಹಕ್ಕುಗಳ ಘೋಷಣೆಯ 10ನೇ ವಿಧಿ ಬಲವಂತವಾಗಿ ಯಾರನ್ನೂ ಎಬ್ಬಿಸಬಾರದು, ಮೊದಲೇ ತಿಳಿಸಿ, ಅವರು ಅರ್ಥ ಮಾಡಿಕೊಂಡು, ಸ್ವಂತ ಇಷ್ಟದಿಂದ ಒಪ್ಪಿದ್ರೆ ಮಾತ್ರ ಅನ್ನುತ್ತೆ. ಅರ್ಥವೇ ಆಗದ ಭಾಷೆಯಲ್ಲಿ ತಗೊಂಡ ಒಪ್ಪಿಗೆಯನ್ನ ನಾನಂತೂ ಒಪ್ಪಿಗೆ ಅನ್ನಲ್ಲ.

ಪರಿಹಾರದ ಪಟ್ಟಿ ನಾನು ನೋಡಿದ್ದೀನಿ. ಮನೆ ಚಾವಣಿ ಯಾವುದು, ಮರ ಎಷ್ಟು, ಬಾವಿ ಇದೆಯಾ, ದನ ಎಷ್ಟು, ಎಲ್ಲದಕ್ಕೂ ಕಾಲಂ ಇದೆ. ಭಾಷೆಗೆ ಇಲ್ಲ. ಇದು ಆ ಒಂದು ಕಚೇರಿಯ ತಪ್ಪು ಮಾತ್ರ ಅಲ್ಲ, ಸ್ಥಳಾಂತರದ ಬಗ್ಗೆ ಪ್ರಪಂಚದಲ್ಲೆಲ್ಲಾ ಬಳಸೋ ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ಅವರ ಮಾದರಿ ತಗೊಳ್ಳಿ, ಅದರಲ್ಲಿ ಎಂಟು ಅಪಾಯ ಹೇಳ್ತಾರೆ: ಭೂಮಿ ಹೋಗೋದು, ಕೆಲಸ ಹೋಗೋದು, ಮನೆ ಹೋಗೋದು, ಅಂಚಿಗೆ ತಳ್ಳಿಸಿಕೊಳ್ಳೋದು, ಊಟಕ್ಕೆ ಭರವಸೆ ಇಲ್ಲದಾಗೋದು, ಕಾಯಿಲೆ ಮತ್ತು ಸಾವು ಹೆಚ್ಚೋದು, ಎಲ್ಲರಿಗೂ ಸೇರಿದ ಕಾಡು ನೀರು ಕೈತಪ್ಪೋದು, ಸಮಾಜದ ಹೆಣಿಗೆ ಬಿಚ್ಚಿಹೋಗೋದು. ಈ ಕೊನೆಯದರ ಒಳಗೆ ಭಾಷೆ ಬರುತ್ತೆ ಅಂತ ನಾವು ಓದಿಕೊಳ್ಳಬಹುದು, ಆದ್ರೆ ಭಾಷೆ ಅಂತ ಬೇರೆಯಾಗಿ ಅಲ್ಲಿ ಹೆಸರಿಲ್ಲ, ಹೆಸರಿಲ್ಲದ್ದನ್ನ ಯಾರೂ ಎಣಿಸಲ್ಲ.

ಕಾಲೋನಿಯಲ್ಲಿ ಹನ್ನೆರಡು ಸಾಲು ಮನೆ. ಇವರ ಜೊತೆ ಬೇರೆ ಕಣಿವೆಗಳಿಂದ ಎಬ್ಬಿಸಿದವರನ್ನೂ ಅಲ್ಲೇ ಹಾಕಿದ್ರು, ಅವರೆಲ್ಲ ದೊಡ್ಡ ಭಾಷೆಯವರು. ಯಾರಿಗೂ ಪಕ್ಷಪಾತ ಆಯ್ತು ಅನ್ನಿಸಬಾರದು ಅಂತ ಅಧಿಕಾರಿಗಳು ಚೀಟಿ ಎತ್ತಿಸಿದ್ರು. ನಿಜವಾಗಲೂ ಒಳ್ಳೆ ಮನಸ್ಸಿಂದ ಮಾಡಿದ್ದು ಅದು, ನಾನು ಆಮೇಲೆ ಅವರಲ್ಲಿ ಒಬ್ಬರ ಹತ್ತಿರ ಮಾತಾಡಿದ್ದೀನಿ, ಇವತ್ತಿಗೂ ಅವರು ಅದೇ ನ್ಯಾಯ ಅಂತಾರೆ. ಒಂದು ಡಬ್ಬದಲ್ಲಿ ಚೀಟಿ, ಮನೆ ಯಜಮಾನ ಬಂದು ಎತ್ತೋದು, ನಂಬರು ಓದೋದು. ಹಾಗೆ ಅಮ್ಮನಿಗೆ ಎರಡನೇ ಸಾಲು, ಮಗಳಿಗೆ ಒಂಬತ್ತನೇ ಸಾಲು, ಅಂಗಳದ ಎದುರುಮನೆಯವರಿಗೆ ಹನ್ನೆರಡು.

ನಾವು ಹೋದಾಗ ಕಂಡಿದ್ದು

ನಾನೂ ನನ್ನ ಜೊತೆಯ ಇಬ್ಬರೂ ಅಲ್ಲಿಗೆ ಹೋದಾಗ ಎಬ್ಬಿಸಿ ನಾಲ್ಕು ವರ್ಷ ಆಗಿತ್ತು. ಹೋಗಿದ್ದು ಭಾಷೆ ದಾಖಲೆ ಮಾಡೋಕೆ. ಯುನೆಸ್ಕೋ 2003ರಲ್ಲಿ ಕೊಟ್ಟ ಒಂಬತ್ತು ಅಂಶಗಳ ಅಳತೆಗೋಲು ನಮ್ಮ ಕೈಯಲ್ಲಿತ್ತು, ಅದರಲ್ಲಿ ಮೊದಲನೆಯದು ಒಂದು ತಲೆಮಾರಿಂದ ಇನ್ನೊಂದಕ್ಕೆ ಭಾಷೆ ದಾಟ್ತಿದೆಯಾ ಅನ್ನೋದು, 5ರಿಂದ 0ವರೆಗೆ ಅಂಕ. ಕಣಿವೆಯಲ್ಲಿದ್ದಾಗ ಎಲ್ಲಾ ಮಕ್ಕಳೂ ಆಡ್ತಿದ್ರು ಅಂತ ಎಲ್ಲರೂ ಹೇಳಿದ್ರು, ಅಂದ್ರೆ ಜನ ಕಮ್ಮಿ ಆದ್ರೂ ದಾಟೋ ವಿಷಯದಲ್ಲಿ ಮೇಲಿನ ಅಂಕವೇ. ನಾವು ನೋಡಿದಾಗ ಹತ್ತು ವರ್ಷದ ಒಳಗಿನ ಹೆಚ್ಚಿನ ಮಕ್ಕಳಿಗೆ ಅರ್ಥ ಆಗ್ತಿತ್ತು, ಉತ್ತರ ಮಾತ್ರ ದೊಡ್ಡ ಭಾಷೆಯಲ್ಲಿ. ಐದರ ಕೆಳಗಿನವರಿಗೆ ಅರ್ಥವೂ ಅಷ್ಟಕ್ಕಷ್ಟೇ. ಎರಡು ಮೂರು ತಲೆಮಾರು ತಗೊಳ್ಳಬೇಕಿದ್ದ ಇಳಿತ ನಾಲ್ಕು ವರ್ಷಕ್ಕೆ ಆಗಿತ್ತು.

ಹಿರಿಯರಲ್ಲಿ ಎಷ್ಟೋ ಜನ ಮೊದಲೆರಡು ವರ್ಷದಲ್ಲೇ ತೀರಿಕೊಂಡಿದ್ರು. ಬಲವಂತದ ಸ್ಥಳಾಂತರದಲ್ಲಿ ಇದು ಮತ್ತೆ ಮತ್ತೆ ಆಗೋದು, ಅಸ್ವಾನ್ ಹೈ ಡ್ಯಾಮಿಗಾಗಿ 1963–64ರಲ್ಲಿ ಈಜಿಪ್ಟಿನ ಸುಮಾರು 50,000 ನೂಬಿಯನ್ನರನ್ನ ಕೋಮ್ ಓಂಬೊ ಕಡೆಗೆ ಸಾಗಿಸಿದಾಗಲೂ ಮೊದಲ ವರ್ಷದಲ್ಲಿ ಹೆಚ್ಚು ಹೋಗಿದ್ದು ಮುದುಕರು ಮತ್ತೆ ಹಸುಗೂಸುಗಳು. ಒಂದು ದೊಡ್ಡ ಭಾಷೆಯಲ್ಲಿ ಮುವ್ವತ್ತು ಜನ ಅಜ್ಜ ಅಜ್ಜಿ ಹೋದ್ರೆ ಅದು ಆ ಮನೆಗಳ ದುಃಖ. ಇಲ್ಲಿ ಗಿಡಮೂಲಿಕೆ ಹೆಸರು ಪೂರ್ತಿ ಗೊತ್ತಿದ್ದ ಒಬ್ಬರು ಹೋದ್ರೆ ಆ ಪದಗಳೇ ಹೋದ್ವು, ಕೇಳೋಕೆ ಇನ್ನೊಬ್ಬರಿಲ್ಲ.

ಒಂದು ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ನನಗೆ ಇಡೀ ಪ್ರಕರಣ ಅರ್ಥ ಆಗೋಕೆ ಶುರುವಾಗಿದ್ದೇ ಅಲ್ಲಿಂದ. ಈ ಭಾಷೆಯಲ್ಲಿ ಎಡ ಬಲ ಅಂತ ವಸ್ತುಗಳ ಜಾಗ ಹೇಳಲ್ಲ. ಹೊಳೆ ಮೇಲಕ್ಕೆ, ಹೊಳೆ ಕೆಳಕ್ಕೆ, ನೀರಿನ ಕಡೆ, ಬೆಟ್ಟದ ಕಡೆ ಅಂತಾರೆ. ಮನೆ ಒಳಗೂ ಅಷ್ಟೇ, ದೀಪದಿಂದ ಹೊಳೆ ಮೇಲಕ್ಕೆ ಕತ್ತಿ ಇದೆ ತಗೊ, ನಿನ್ನ ಹೊಳೆ ಕೆಳಗಿನ ಕಾಲಿಗೆ ಮುಳ್ಳು ಚುಚ್ಚಿದೆ, ಹೀಗೆ. ಎರಡು ವರ್ಷದ ಮಗುವೂ ಯೋಚನೆ ಮಾಡದೆ ಹೇಳ್ತಿತ್ತಂತೆ, ಯಾಕಂದ್ರೆ ಹೊಳೆ ಸದ್ದು ರಾತ್ರಿ ನಿದ್ದೆಯಲ್ಲೂ ಕೇಳಿಸೋದು. ಕಾಲೋನಿ ಇರೋದು ಬಯಲಲ್ಲಿ. ಹೊಳೆ ಇಲ್ಲ, ಬೆಟ್ಟ ಇಲ್ಲ, ಒಂದು ಕಾಲುವೆ ಇದೆ, ಅದೂ ಹಳೇ ಹೊಳೆ ಹರೀತಿದ್ದ ದಿಕ್ಕಿಗೆ ಹೆಚ್ಚುಕಮ್ಮಿ ಉಲ್ಟಾ ಹರಿಯುತ್ತೆ.

ಮೊದಲ ತಿಂಗಳುಗಳಲ್ಲಿ ಎಲ್ಲರೂ ಮನಸ್ಸಲ್ಲಿದ್ದ ಹಳೇ ಹೊಳೆಯನ್ನೇ ಹಿಡಿದು ಮಾತಾಡಿದ್ರಂತೆ. ಆಮೇಲೆ ಕಾಲುವೆ ಹತ್ತಿರದ ಸಾಲಿನವರು ಕಾಲುವೆ ನೋಡಿ ಹೇಳೋಕೆ ಶುರು ಮಾಡಿದ್ರು, ದೂರದವರು ಹಳೇದನ್ನೇ. ಒಬ್ಬರು ಮೇಲಕ್ಕೆ ಅಂದಿದ್ದು ಇನ್ನೊಬ್ಬರಿಗೆ ಕೆಳಕ್ಕೆ. ಅಜ್ಜ ಕೊಡಲಿ ಎಲ್ಲಿದೆ ಅಂತ ಹೇಳಿದ್ದಕ್ಕೆ ಮೊಮ್ಮಗ ವಿರುದ್ಧ ಮೂಲೆಗೆ ಹೋಗಿ ಹುಡುಕಿ ಬಂದು "ಅಜ್ಜ ತಪ್ಪು ಹೇಳ್ತಾನೆ" ಅಂದ. ಇಂಥದ್ದು ದಿನಕ್ಕೆ ಹತ್ತು ಸಲ ಆದ್ರೆ ಏನು ಮಾಡ್ತಾರೆ, ದೊಡ್ಡ ಭಾಷೆಯ ಎಡ ಬಲ ತಗೊಂಡ್ರು, ಅದಕ್ಕೆ ಗೊಂದಲ ಇಲ್ಲ. ಆ ಎರಡು ಪದ ಒಂಟಿಯಾಗಿ ಬರಲ್ಲ, ಪೂರ್ತಿ ವಾಕ್ಯವೇ ಆ ಭಾಷೆಗೆ ತಿರುಗಿಬಿಡುತ್ತೆ.

ಇದನ್ನ ಆಸ್ಟ್ರೇಲಿಯಾದ ಗೂಗು ಯಿಮಿಧಿರ್ ಭಾಷೆ ಆಡೋ ಆದಿವಾಸಿಗಳ ಜೊತೆ ಇಟ್ಟು ನೋಡಿದಾಗ ನನಗೆ ವ್ಯತ್ಯಾಸ ಹೊಳೀತು. ಅವರೂ ಎಡ ಬಲ ಬಳಸಲ್ಲ, ಉತ್ತರ ದಕ್ಷಿಣ ಪೂರ್ವ ಪಶ್ಚಿಮದ ಥರ ದಿಕ್ಕಲ್ಲೇ ಎಲ್ಲಾ ಹೇಳ್ತಾರೆ. 1942ರಲ್ಲಿ ಯುದ್ಧದ ಕಾರಣ ಕೊಟ್ಟು ಅವರನ್ನ ತಮ್ಮ ಕರಾವಳಿಯಿಂದ ಎತ್ತಿ ದೂರದ ವೂರಾಬಿಂಡಕ್ಕೆ ಹಾಕಿದ್ರು, ಬಹಳ ಜನ ಅಲ್ಲೇ ಸತ್ತರು, ಉಳಿದವರು 1949ರಲ್ಲಿ ವಾಪಸ್ ಬಂದ್ರು, ಭಾಷೆ ಇವತ್ತಿಗೂ ಇದೆ. ಸೂರ್ಯ ಎಲ್ಲಿಗೆ ಹೋದ್ರೂ ಜೊತೆಗೆ ಬರ್ತಾನೆ, ಹೊಳೆ ಬರಲ್ಲ. ಅದಕ್ಕಿಂತ ದೊಡ್ಡದು ಅಂದ್ರೆ ಅವರು ತಿರುಗಿ ಬಂದ್ರು. ನಮ್ಮವರ ನೆಲ ನೀರಿನ ಅಡಿ ಇದೆ.

ಮಾಡಿ ನೋಡಿದ್ದು, ಕೈಕೊಟ್ಟಿದ್ದು

ಮೊದಲ ವರ್ಷ ನಾವು ಮಾಡಿದ್ದು ನಮಗೆ ಬರ್ತಿದ್ದನ್ನ, ರೆಕಾರ್ಡಿಂಗ್. ಹಿರಿಯರನ್ನ ಕೂರಿಸಿ ಕಥೆ, ಜಾಗದ ಹೆಸರು, ಗಿಡದ ಹೆಸರು, ನೆಂಟಸ್ತಿಕೆ ಪದ ಎಲ್ಲಾ ತಗೊಂಡ್ವಿ. ದೊಡ್ಡ ಭಾಷೆಯ ಲಿಪಿಯಲ್ಲೇ ಒಂದು ಬರೆಯೋ ಕ್ರಮ ಮಾಡಿ, ಚಿತ್ರ ಹಾಕಿ ಒಂದು ಚಿಕ್ಕ ಪುಸ್ತಕ ಪ್ರಿಂಟ್ ಮಾಡಿಸಿ ಎಲ್ಲಾ ಮನೆಗೂ ಕೊಟ್ವಿ. ಅಕ್ಷರ ಗೊತ್ತಿದ್ದ ಮಕ್ಕಳಿಗೆ ಪದ ಗೊತ್ತಿಲ್ಲ, ಪದ ಗೊತ್ತಿದ್ದ ಅಜ್ಜಿಯರಿಗೆ ಅಕ್ಷರ ಗೊತ್ತಿಲ್ಲ. ಪುಸ್ತಕ ಟ್ರಂಕಿನ ಒಳಗೆ ಹಕ್ಕುಪತ್ರದ ಜೊತೆ ಜೋಪಾನವಾಗಿ ಕೂತ್ಕೊಂಡ್ತು. ರೆಕಾರ್ಡಿಂಗ್ ವ್ಯರ್ಥ ಅಂತ ನಾನು ಹೇಳ್ತಿಲ್ಲ, ಅದರಲ್ಲಿ ಮೂರು ಜನ ಈಗ ಇಲ್ಲ, ಅವರ ದನಿ ಇದೆ, ಮನೆಯವರ ಫೋನಲ್ಲೂ ಇದೆ. ಆದ್ರೆ ದಾಖಲೆ ಆಗಿಬಿಟ್ರೆ ಮಕ್ಕಳ ಬಾಯಿಗೆ ಭಾಷೆ ಬರುತ್ತೆ ಅನ್ನೋ ನಮ್ಮ ನಂಬಿಕೆ ಅಲ್ಲಿಗೆ ಮುಗೀತು.

ಎರಡನೇದು ಸಂಜೆ ಕ್ಲಾಸು. ಅದೇ ಸಮುದಾಯದ ಒಬ್ಬ ಹುಡುಗ ಪಾಠ ಮಾಡ್ತಿದ್ದ, ಪ್ರಾಣಿ ಹೆಸರು, ಅಂಕಿ, ಒಂದೆರಡು ಹಾಡು. ಆರು ವಾರಕ್ಕೆ ಮಕ್ಕಳ ಸಂಖ್ಯೆ ಅರ್ಧಕ್ಕಿಳೀತು, ಆಮೇಲೆ ತಾಯಂದಿರೇ ಸಭೆ ಕರೆದ್ರು. ಒಬ್ಬರು ಹೇಳಿದ ಮಾತು ಹಾಗೇ ಬರೀತೀನಿ: "ಅಕ್ಕಾ, ನೀವು ಇನ್ನೊಂದು ವರ್ಷಕ್ಕೆ ಹೋಗ್ತೀರಾ. ನನ್ನ ಮಗ ಇಲ್ಲೇ ಕೂಲಿ ಹುಡುಕಬೇಕು. ಈ ಮಾತಾಡಿದ್ರೆ ಮುಳುಗಡೆಯೋರು ಅಂತ ಅಂಗಡಿಯಲ್ಲೂ ಗೊತ್ತಾಗುತ್ತೆ, ಆಸ್ಪತ್ರೆಯಲ್ಲೂ ಗೊತ್ತಾಗುತ್ತೆ. ನಾನು ಬೇಕು ಅಂತಲೇ ಬಿಟ್ಟಿದ್ದೀನಿ." ಆಕೆ ಅಳಲಿಲ್ಲ, ಸಿಟ್ಟೂ ಮಾಡ್ಕೊಳ್ಳಲಿಲ್ಲ. ಮಗನಿಗೆ ಆಗೋ ಅವಮಾನ ತಪ್ಪಿಸೋಕೆ ತನ್ನ ಅಮ್ಮನ ಮಾತನ್ನೇ ನಿಲ್ಲಿಸಿದ ಹೆಂಗಸಿಗೆ ಭಾಷೆಯ ಮಹತ್ವದ ಬಗ್ಗೆ ಭಾಷಣ ಮಾಡೋಕೆ ನಾವು ಯಾರು?

ಆವತ್ತು ರಾತ್ರಿ ನಮ್ಮಲ್ಲೇ ಜಗಳ ಆಯ್ತು. ಒಬ್ಬರಿಗೆ ಕ್ಲಾಸು ಮುಂದುವರಿಸಬೇಕು, ಈಗ ಬಿಟ್ರೆ ಇನ್ನು ಐದು ವರ್ಷಕ್ಕೆ ಏನೂ ಇರಲ್ಲ ಅಂತ. ನಾನು ನಿಲ್ಲಿಸೋಣ ಅಂದೆ. ನಿಲ್ಲಿಸಿದ್ವಿ. ಮೊದಲನೇ ತಿರುವು ಅದು, ಮತ್ತೆ ಆ ತೀರ್ಮಾನ ಸರಿ ಅಂತಲೇ ಇವತ್ತಿಗೂ ಅನ್ನಿಸುತ್ತೆ, ಯಾಕಂದ್ರೆ ನಿಲ್ಲಿಸಿದ್ದಕ್ಕೇ ಆ ತಾಯಂದಿರು ನಮ್ಮ ಹತ್ತಿರ ನಿಜ ಮಾತಾಡೋಕೆ ಶುರು ಮಾಡಿದ್ದು.

ಎರಡನೇ ತಿರುವು ನಮ್ಮಿಂದ ಬಂದಿದ್ದಲ್ಲ. ಕ್ಲಾಸು ನಿಂತು ಎರಡು ತಿಂಗಳಿಗೆ ಮಧ್ಯವಯಸ್ಸಿನ ಒಬ್ಬಾಕೆ ನಮ್ಮ ನೋಟ್‌ಬುಕ್ ಇಸ್ಕೊಂಡು ಎರಡು ಚಿತ್ರ ಬರೆದರು. ಒಂದು ಹಳೇ ಅಂಗಳ, ಸುತ್ತ ಹನ್ನೊಂದು ಮನೆ. ಇನ್ನೊಂದು ಕಾಲೋನಿ, ಅದೇ ಹನ್ನೊಂದು ಮನೆ ಈಗ ಎಲ್ಲೆಲ್ಲಿ ಅಂತ ಚುಕ್ಕೆ. "ನಮ್ಮಮ್ಮ ಎರಡನೇ ಸಾಲು, ನಾನು ಒಂಬತ್ತು. ಕೆಲಸದಿಂದ ಬರೋಷ್ಟರಲ್ಲಿ ಕತ್ತಲು, ದಾರಿಯಲ್ಲಿ ಲೈಟಿಲ್ಲ, ಗೊತ್ತಿಲ್ಲದ ಜನ. ವಾರಕ್ಕೊಂದು ಸಲ ಹೋದ್ರೆ ಜಾಸ್ತಿ. ನನ್ನ ಮಗು ಈ ಮಾತನ್ನ ಯಾರು ಯಾರ ಹತ್ತಿರ ಆಡೋದನ್ನ ಕೇಳಬೇಕು? ನನ್ನ ಗಂಡ, ನಾನು, ಇಬ್ಬರೇ. ಇಬ್ಬರೂ ಸುಸ್ತಾಗಿರ್ತೀವಿ."

ಅಲ್ಲಿವರೆಗೂ ನಾವು ಯಾರಿಗೆ ಎಷ್ಟು ಪದ ಗೊತ್ತು ಅಂತ ಎಣಿಸ್ತಿದ್ವಿ, ಆ ಭಾಷೆಯಲ್ಲಿ ಯಾರು ಯಾರ ಜೊತೆ ಸಂಜೆ ಕೂರ್ತಾರೆ ಅಂತ ಒಂದು ದಿನವೂ ಕೇಳಿರಲಿಲ್ಲ. ಮುಂದಿನ ಮೂರು ವಾರ ಅದನ್ನೇ ಮಾಡಿದ್ವಿ, ಪ್ರತಿ ಮನೆಗೂ ಹೋಗಿ ನಿನ್ನೆ ಸಂಜೆ ಯಾರ ಜೊತೆ ಮಾತಾಡಿದ್ರಿ, ಯಾವ ಭಾಷೆಯಲ್ಲಿ ಅಂತ ಕೇಳಿ ನಕ್ಷೆ ಮೇಲೆ ಗೆರೆ ಎಳೆದ್ವಿ. ಕೆಲವೇ ಮನೆಯ ಮಕ್ಕಳು ಇನ್ನೂ ಆ ಭಾಷೆಯಲ್ಲೇ ಉತ್ತರ ಕೊಡ್ತಿದ್ರು. ಆ ಎಲ್ಲಾ ಮನೆಗಳಿಗೂ ಕೂಗಿದ್ರೆ ಕೇಳೋ ದೂರದಲ್ಲಿ ಅದೇ ಭಾಷೆ ಆಡೋ ಇನ್ನೊಂದು ಮನೆ, ಅದರಲ್ಲಿ ಒಬ್ಬ ಹಿರಿಯರು ಇದ್ರು. ಚೀಟಿ ಎತ್ತುವಾಗ ಅದೃಷ್ಟಕ್ಕೆ ಪಕ್ಕಪಕ್ಕ ಬಿದ್ದ ಮನೆಗಳು. ಅವರೇನೂ ಭಾಷೆ ಮೇಲೆ ಹೆಚ್ಚು ಅಭಿಮಾನ ಇದ್ದವರಲ್ಲ, ಬೇರೆಯವರಷ್ಟೇ ಅವಮಾನ ಅವರಿಗೂ ಆಗಿತ್ತು.

ಇದು ಹೊಸ ಸಂಗತಿಯೂ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. ನೂಬಿಯನ್ನರ ಹೊಸ ಊರುಗಳಲ್ಲಿ ಮನೆ ಹಂಚಿದ್ದು ಕುಟುಂಬದಲ್ಲಿ ಎಷ್ಟು ಜನ ಅನ್ನೋ ಲೆಕ್ಕದಲ್ಲಿ, ಚಿಕ್ಕ ಮನೆಗಳೆಲ್ಲ ಒಂದು ಕಡೆ, ದೊಡ್ಡವೆಲ್ಲ ಇನ್ನೊಂದು ಕಡೆ, ಹಾಗಾಗಿ ಒಂಟಿ ಅಜ್ಜಿ ಒಂದು ಮೂಲೆ, ಅವಳ ಮಕ್ಕಳು ಇನ್ನೊಂದು ಮೂಲೆ. ಅಂಡಮಾನಿನಲ್ಲಿ ಒಂದು ಕಾಲಕ್ಕೆ ಹತ್ತು ಬೇರೆ ಬೇರೆ ಗುಂಪು, ಹತ್ತು ಮಾತು ಇದ್ದ ಗ್ರೇಟ್ ಅಂಡಮಾನಿಗಳಲ್ಲಿ ಉಳಿದ ಕೆಲವೇ ಜನರನ್ನ ಒಂದೇ ಸ್ಟ್ರೈಟ್ ದ್ವೀಪಕ್ಕೆ ತಂದಿಟ್ರು, ಮಕ್ಕಳ ಬಾಯಿಗೆ ಬಂದಿದ್ದು ಹಿಂದಿ. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಅನ್ನೋ ಅಜ್ಜಿ ತೀರಿಕೊಂಡಾಗ ಆ ಹತ್ತರಲ್ಲಿ ಒಂದಾದ ಬೋ ಭಾಷೆ ಆಡೋರು ಯಾರೂ ಉಳಿಯಲಿಲ್ಲ. ಚೆದುರಿಸಿದ್ರೂ ಸರಿ, ತುಂಡುತುಂಡು ತಂದು ಗುಡ್ಡೆ ಹಾಕಿದ್ರೂ ಸರಿ, ಪಕ್ಕದಲ್ಲಿ ಯಾರು ಕೂರ್ತಾರೆ ಅನ್ನೋದು ಬದಲಾಯ್ತು ಅಂದ್ರೆ ಮನೆ ಭಾಷೆ ಬದಲಾಗುತ್ತೆ.

ಮನೆ ಅದಲುಬದಲು

ಹಾಗಾಗಿ ಮೂರನೇ ಪ್ರಯತ್ನ, ಮನೆ ಬದಲಾಯಿಸಿಕೊಳ್ಳೋದು. ಕೇಳೋಕೆ ಸುಲಭ. ಹಕ್ಕುಪತ್ರದಲ್ಲಿ ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು, ಮಾಡಿದ್ರೆ ಮನೆ ವಾಪಸ್. ಕಚೇರಿಗೆ ಹದಿನಾಲ್ಕು ತಿಂಗಳು ಅಲೆದ್ವಿ. ಭಾಷೆ ಉಳಿಸೋಕೆ ಅಂತ ಕೊಟ್ಟ ಮೊದಲ ಅರ್ಜಿ ಫೈಲಿಂದ ಏಳಲೇ ಇಲ್ಲ. ವಯಸ್ಸಾದ ತಂದೆತಾಯಿ ನೋಡಿಕೊಳ್ಳೋಕೆ ಹತ್ತಿರದ ಮನೆ ಬೇಕು ಅಂತ ಎರಡನೇ ಅರ್ಜಿ ಕೊಟ್ವಿ, ಅದೂ ನಿಜವೇ, ಅದಕ್ಕೆ ಉತ್ತರ ಬಂತು: ಹಕ್ಕು ಹಳೇ ಹೆಸರಲ್ಲೇ ಇರಲಿ, ಎರಡೂ ಕಡೆಯವರು ಬರೆದುಕೊಟ್ರೆ ವಾಸಕ್ಕೆ ಮಾತ್ರ ಅದಲುಬದಲು ಮಾಡ್ಕೊಬಹುದು.

ಏಳು ಕುಟುಂಬ ಎರಡನೇ ಮತ್ತೆ ಮೂರನೇ ಸಾಲಿಗೆ ಬಂದ್ವು. ಇಲ್ಲಿ ನಮ್ಮ ದೊಡ್ಡ ತಪ್ಪು ಆಗಿದ್ದು. ನಾವು ಈ ಸಮುದಾಯದ ಮನೆಗಳಲ್ಲೇ ಓಡಾಡಿ ಎಲ್ಲಾ ಮಾತಾಡಿ ಮುಗಿಸಿದ್ವಿ, ಎರಡನೇ ಸಾಲಲ್ಲಿ ಮೊದಲಿಂದ ಇದ್ದ ದೊಡ್ಡ ಭಾಷೆಯ ಕುಟುಂಬಗಳ ಹತ್ತಿರ ಹೋಗಿದ್ದು ಕೊನೆಗೆ, ಅದೂ ಸಹಿಗೆ. ಅವರೂ ಮುಳುಗಡೆಯವರೇ, ಅವರ ನೆಲವೂ ಹೋಗಿದೆ, ಇಷ್ಟು ವರ್ಷ ಅಕ್ಕಪಕ್ಕ ಕಷ್ಟ ಹಂಚಿಕೊಂಡಿದ್ದಾರೆ. ಒಬ್ಬ ಹೆಂಗಸು ನೇರವಾಗಿ ಕೇಳಿದ್ರು, "ನಮ್ಮ ಪಕ್ಕ ಇರೋದು ನಿಮಗೆ ಬೇಡವಾಯ್ತಾ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವು ತಿಂಗಳು ನಲ್ಲಿ ಹತ್ತಿರ ಮಾತು ನಿಂತುಹೋಗಿತ್ತು. ಒಂದು ಮನೆಯ ಚಾವಣಿ ಸೋರ್ತಿತ್ತು, ಬದಲಾಯಿಸಿಕೊಂಡವರಿಗೆ ಮಳೆ ಬಂದಾಗ ಗೊತ್ತಾಯ್ತು, ಆ ಅದಲುಬದಲು ಮುರಿದು ಬಿತ್ತು, ಆರೇ ಉಳಿದ್ವು. ಇದನ್ನೆಲ್ಲ ಸರಿ ಮಾಡಿದ್ದು ನಾವಲ್ಲ, ಆ ನಕ್ಷೆ ಬರೆದ ಹೆಂಗಸೇ, ಅವರು ಮನೆಮನೆಗೆ ಹೋಗಿ ಅಮ್ಮನಿಗೆ ಕಣ್ಣು ಕಾಣಲ್ಲ, ರಾತ್ರಿ ಒಬ್ಬಳೇ ಇರ್ತಾಳೆ ಅಂತ ವಿವರಿಸಿ ಹೇಳಿ ಬಂದ್ರು.

ಮೊದಲೇ ಬೇರೆ ಗುಂಪಿನ ನೆರೆಯವರನ್ನ ಜೊತೆಗೆ ಕೂರಿಸಿಕೊಂಡು ಶುರು ಮಾಡಬೇಕಿತ್ತು. ಈ ಥರ ಕೆಲಸಕ್ಕೆ ಕೈ ಹಾಕೋರು ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ, ನಮಗೆ ಆ ಕೆಲವು ತಿಂಗಳಲ್ಲಿ ಎಲ್ಲಾ ಕೈತಪ್ಪಿಹೋಗ್ತಿತ್ತು.

ಅಜ್ಜಿಯರ ಜಗಲಿ

ಮನೆಗಳು ಹತ್ತಿರ ಆದ್ಮೇಲೆ ಉಳಿದದ್ದು ತಾನಾಗಿ ಆಯ್ತು ಅಂತ ಹೇಳೋಕೆ ಆಸೆ, ಹಾಗಾಗಲಿಲ್ಲ. ತಾಯಂದಿರ ಭಯ ಹಾಗೇ ಇತ್ತು. ಬದಲಾಗಿದ್ದು ಬೇರೆ ಕಾರಣಕ್ಕೆ: ಎಲ್ಲರೂ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಚಿಕ್ಕ ಮಕ್ಕಳನ್ನ ಬಿಡೋಕೆ ಜಾಗ ಇಲ್ಲ. ಈಗ ಪಕ್ಕದಲ್ಲೇ ಇಬ್ಬರು ಅಜ್ಜಿಯರಿದ್ರು. ಜಗಲಿ ಮೇಲೆ ಆರೆಂಟು ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ. ಆ ಅಜ್ಜಿಯರಿಗೆ ದೊಡ್ಡ ಭಾಷೆ ಸರಿಯಾಗಿ ಬರಲ್ಲ, ಹಾಗಾಗಿ ಮಕ್ಕಳಿಗೆ ಬೇರೆ ದಾರಿನೇ ಇರ್ಲಿಲ್ಲ. ಯಾವ ತಾಯಿಯೂ ಭಾಷೆ ಕಲೀಲಿ ಅಂತ ಕಳಿಸಲಿಲ್ಲ, ಮಗು ಕ್ಷೇಮವಾಗಿರಲಿ ಅಂತ ಕಳಿಸಿದ್ರು. ಕ್ಲಾಸು ಬೇಡ ಅಂದಿದ್ದ ಆ ತಾಯಿ ತಮ್ಮ ಎರಡನೇ ಮಗುವನ್ನ ಅಲ್ಲೇ ಬಿಟ್ರು.

ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ ಶುರು ಮಾಡಿದ ಕೊಹಾಂಗಾ ರೇಓ, ಅಂದ್ರೆ ಭಾಷೆಯ ಗೂಡು, ಇದೇ ಥರ: ಭಾಷೆ ಬಲ್ಲ ಹಿರಿಯರ ಮಡಿಲಿಗೆ ಶಾಲೆಗೆ ಹೋಗದ ವಯಸ್ಸಿನ ಮಕ್ಕಳು. ನಮಗೆ ಅದು ಓದಿ ಗೊತ್ತಿತ್ತು, ಆದ್ರೆ ಜಗಲಿ ತಾನಾಗಿ ಶುರುವಾದ ಮೇಲೇ ನಾವು ಅದನ್ನ ಗುರುತಿಸಿದ್ದು. ಆಗ ನಾವು ಮಾಡಿದ ಒಂದೇ ಉಪಯೋಗದ ಕೆಲಸ ಅಂದ್ರೆ ಅಜ್ಜಿಯರಿಗೆ ತಿಂಗಳಿಗಿಷ್ಟು ಅಂತ ಹಣದ ವ್ಯವಸ್ಥೆ. ಅದಕ್ಕೂ ತೊಡಕು, ಶಿಶುಪಾಲನೆಗೆ ಅನುದಾನ ಬೇಕಂದ್ರೆ ನೋಡಿಕೊಳ್ಳೋರು ಓದಿರಬೇಕು ಅನ್ನೋ ನಿಯಮ. ಓದು ಬರೋ ಒಬ್ಬ ಸೊಸೆಯನ್ನ ಹೆಸರಿಗೆ ಹಾಕಿ ಹಣ ಮೂರು ಪಾಲು ಮಾಡಿದ್ವಿ. ಅಜ್ಜಿಯರಿಗೆ ಅದು ಸರಿ ಕಾಣಲಿಲ್ಲ, ಕೆಲಸ ನಮ್ದು ಹೆಸರು ಅವಳದ್ದಾ ಅಂತ ಒಂದು ತಿಂಗಳು ಮುನಿಸು, ಅವರ ಸಿಟ್ಟು ನ್ಯಾಯವಾದದ್ದೇ.

ನೀರು ಇಳಿದಾಗ

ಒಂದು ಬರದ ಬೇಸಿಗೆಯಲ್ಲಿ ಜಲಾಶಯ ತುಂಬಾ ಕೆಳಗೆ ಹೋಯ್ತು, ಮೇಲಿನ ಹಟ್ಟಿಯ ಕಲ್ಲಿನ ಕಟ್ಟೆ, ಒಂದೆರಡು ಒಣಗಿದ ಮರ ಹೊರಗೆ ಬಂದ್ವು ಅಂತ ಸುದ್ದಿ. ಎರಡು ಗಾಡಿ ಮಾಡ್ಕೊಂಡು ಹಿರಿಯರು, ಮಕ್ಕಳು ಎಲ್ಲಾ ಹೋದ್ವಿ. ಅಲ್ಲಿ ಇಳಿದ ಸ್ವಲ್ಪ ಹೊತ್ತಿಗೆ ನಾನು ರೆಕಾರ್ಡರ್ ಆನ್ ಮಾಡಿದ್ದೇ ಮರೆತು ನಿಂತುಬಿಟ್ಟೆ. ವರ್ಷಗಟ್ಟಲೆ ಎಡ ಬಲ ಅಂತಿದ್ದ ಹಿರಿಯರೆಲ್ಲ ಹೊಳೆ ಮೇಲಕ್ಕೆ ಬಾ, ಬೆಟ್ಟದ ಕಡೆ ನಿಲ್ಲು ಅಂತ ಮಕ್ಕಳನ್ನ ಕೂಗ್ತಿದ್ರು, ಯಾರೂ ಯೋಚನೆ ಮಾಡಿ ಹೇಳ್ತಿರಲಿಲ್ಲ. ಕೋಣೆಯಲ್ಲಿ ಕೂತು ಎಷ್ಟು ಕೇಳಿದ್ರೂ ಮರೆತೋಯ್ತು ಅಂದಿದ್ದ ಒಬ್ಬ ಅಜ್ಜ ಒಂದು ಬಂಡೆ ನೋಡಿದ ತಕ್ಷಣ ಅದರ ಹೆಸರು, ಅದರ ಕಥೆ, ಆ ಕಥೆಯಲ್ಲಿ ಬರೋ ಇನ್ನೂ ನಾಲ್ಕು ಜಾಗದ ಹೆಸರು ಹೇಳ್ತಾ ಹೋದ್ರು. ಮರೆತಿರಲಿಲ್ಲ ಅವರು. ಆ ಕಥೆಗೆ ಆ ಬಂಡೆ ಕಣ್ಣೆದುರು ಬೇಕಿತ್ತು.

ಟ್ರಂಕಲ್ಲಿದ್ದ ಆ ಪುಸ್ತಕ ಆಮೇಲೆ ಹೊರಗೆ ಬಂತು. ಅದರ ಕೊನೆಯ ಪುಟಗಳಲ್ಲಿ ಮುಳುಗಿದ ಜಾಗಗಳ ಹೆಸರಿನ ಪಟ್ಟಿ ಇತ್ತು, ಸ್ವಲ್ಪ ದೊಡ್ಡ ಮಕ್ಕಳು ಅದನ್ನ ಹಿಡ್ಕೊಂಡು ಇದು ಎಲ್ಲಿ, ನಾವು ನೋಡಿದ್ದು ಇದೇನಾ ಅಂತ ಕೇಳೋಕೆ ಶುರು ಮಾಡಿದ್ರು.

ವಾಪಸ್ ಬಂದ ಮೇಲೆ ಹಿರಿಯರು ಕೂತು ಕಾಲೋನಿಯಲ್ಲಿ ಯಾವ ಹರಿವು ಹಿಡಿದು ಮಾತಾಡಬೇಕು ಅಂತ ಚರ್ಚೆ ಮಾಡಿದ್ರು. ಹಳೇ ಹೊಳೆಯೇ ಅಂತ ಹೆಚ್ಚಿನವರು. ಒಬ್ಬ ಅಜ್ಜಿ ಒಪ್ಪಲಿಲ್ಲ, "ಹೊಳೆ ಅಲ್ಲಿದೆ, ನಾವಿಲ್ಲಿದ್ದೀವಿ, ಮಗುವಿಗೆ ಕಾಣಿಸೋದು ಕಾಲುವೆ" ಅಂದ್ರು. ಒಮ್ಮತ ಬರಲೇ ಇಲ್ಲ. ನನಗೆ ಒಳಗೊಳಗೆ ಹಳೇದೇ ಗೆಲ್ಲಲಿ ಅಂತಿತ್ತು, ನಾನು ದಾಖಲೆ ಮಾಡಿದ್ದು ಅದನ್ನ, ಕಾಲುವೆ ಹಿಡಿದು ಹೇಳೋದು ನನ್ನ ಕಿವಿಗೆ ತಪ್ಪಾಗಿ ಕೇಳ್ತಿತ್ತು. ಆದ್ರೆ ಜಗಲಿ ಮಕ್ಕಳು ಯಾರ ತೀರ್ಮಾನಕ್ಕೂ ಕಾಯದೆ ಕಾಲುವೆಯನ್ನ ಹಿಡಿದ್ರು.

ಈಗ ಎಲ್ಲಿಗೆ ಬಂದಿದೆ

ನಾವು ಮೊದಲು ಹೋಗಿ ಆರು ವರ್ಷ ಆಯ್ತು. ಎರಡು ಮತ್ತು ಮೂರನೇ ಸಾಲಿನ ಚಿಕ್ಕ ಮಕ್ಕಳು ಆ ಭಾಷೆಯಲ್ಲಿ ಜಗಳ ಆಡ್ತಾರೆ, ಅಳ್ತಾರೆ, ಸುಳ್ಳು ಹೇಳ್ತಾರೆ. ಅದು ಅವರ ಅಜ್ಜಿಯ ಭಾಷೆ ಹಾಗೇ ಇಲ್ಲ, ಕ್ರಿಯಾಪದದ ಕೊನೆಯಲ್ಲಿ ಬರ್ತಿದ್ದ ಕೆಲವು ರೂಪ ಕೂಡಿಹೋಗಿವೆ, ದೊಡ್ಡ ಭಾಷೆಯ ಪದ ಧಾರಾಳ. ಉಳಿದ ಹತ್ತು ಸಾಲುಗಳಲ್ಲಿ ಅರ್ಥ ಆಗೋದಷ್ಟೇ, ಕೆಲವು ಮನೆಯಲ್ಲಿ ಅದೂ ಇಲ್ಲ. ಕೆಲಸಕ್ಕೆ ದೂರ ಹೋದ ಹುಡುಗರು ವಾಟ್ಸಾಪಲ್ಲಿ ಬರೆಯೋದು ದೊಡ್ಡ ಭಾಷೆ, ಆದ್ರೆ ಅಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸುವಾಗ ಇದೇ ಭಾಷೆ, ಇದನ್ನ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಆಸ್ಪತ್ರೆ, ಅಂಗಡಿಯ ಅವಮಾನ ಕಮ್ಮಿಯಾಗಿಲ್ಲ, ಆ ವಿಷಯದಲ್ಲಿ ನಮ್ಮಿಂದ ಏನೂ ಆಗಲಿಲ್ಲ. ಜಗಲಿಯ ಇಬ್ಬರು ಅಜ್ಜಿಯರಲ್ಲಿ ಒಬ್ಬರು ಹೋದ ವರ್ಷ ತೀರಿಕೊಂಡ್ರು, ಅವರ ಜಾಗಕ್ಕೆ ಆ ನಕ್ಷೆ ಬರೆದಾಕೆ ಬಂದಿದ್ದಾರೆ.

ಹೋದ ಸಲ ಹೋದಾಗ ನಾಲ್ಕು ವರ್ಷದ ಒಂದು ಹುಡುಗಿಗೆ ಅವಳಜ್ಜ ಊರುಗೋಲು ತಂದುಕೊಡು, ಬಾಗಿಲಿಂದ ಮೇಲಕ್ಕಿದೆ ಅಂದ್ರು. ಅವಳು ಹೊರಟವಳು ನಿಂತು, ತಿರುಗಿ, ಅದೇ ಭಾಷೆಯಲ್ಲಿ ಕೇಳಿದ್ಲು: "ನಿನ್ನ ಹೊಳೆ ಮೇಲಕ್ಕಾ, ನನ್ನ ಕಾಲುವೆ ಮೇಲಕ್ಕಾ?"

ಅದೇ ಕಣಿವೆಯ ಇನ್ನೂ ಮೇಲೆ, ಈ ಭಾಷೆಗೆ ಹತ್ತಿರದ ಮಾತಾಡೋ ಮೂರು ಹಟ್ಟಿ ಇವೆ, ಅಣೆಕಟ್ಟು ಎತ್ತರಿಸಿದ್ರೆ ಅವೂ ಹೋಗ್ತವೆ. ಎಬ್ಬಿಸಬೇಡಿ ಅಂತ ಅವರು ಹೋರಾಡ್ತಿದ್ದಾರೆ, ನಮ್ಮ ಮೊದಲ ಮಾತೂ ಅದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒದ 1989ರ 169ನೇ ಒಡಂಬಡಿಕೆ ಎಬ್ಬಿಸೋದು ತಪ್ಪಿಸಲಾಗದಿದ್ರೆ ಏನೇನು ಮಾಡಬೇಕು, ಕಾರಣ ಮುಗಿದ ಮೇಲೆ ವಾಪಸ್ ಬರೋ ಹಕ್ಕು ಹೇಗೆ ಅಂತೆಲ್ಲ ಹೇಳುತ್ತೆ, ಯಾರ ಪಕ್ಕ ಯಾರು ಅಂತ ಅದರಲ್ಲಿಲ್ಲ. ಅದಕ್ಕೆ ಆ ಹಟ್ಟಿಯವರು ತಾವೇ ತಮ್ಮ ಅಂಗಳಗಳ ನಕ್ಷೆ ಬರೆದಿದ್ದಾರೆ, ಯಾವ ಮನೆ ಎದುರು ಯಾವ ಮನೆ, ಸಂಜೆ ಯಾರು ಎಲ್ಲಿ ಕೂರ್ತಾರೆ, ಯಾವ ಅಜ್ಜಿ ಹತ್ತಿರ ಯಾರ ಮಕ್ಕಳು ಅಂತ. ಒಂದು ವೇಳೆ ಸಾಗಿಸೋದೇ ಆದ್ರೆ ಅಂಗಳ ಅಂಗಳವಾಗಿ ಒಟ್ಟಿಗೆ ಹಾಕಿ, ಚೀಟಿ ಎತ್ತಿಸಬೇಡಿ ಅಂತ ಎರಡೂ ಭಾಷೆಯಲ್ಲಿ ಬರೆದು ಕಚೇರಿಗೆ ಕೊಟ್ಟಿದ್ದಾರೆ. ಕೊಟ್ಟು ಏಳು ತಿಂಗಳಾಯ್ತು. ಉತ್ತರ ಬಂದಿಲ್ಲ, ಪ್ರತಿ ಸೋಮವಾರ ಇಬ್ಬರು ಹೋಗಿ ಕೇಳಿ ಬರ್ತಾರೆ.